ನಾಲ್ಕು ಪೇಟೆಂಟ್ ಬೇಕಾಗಿತ್ತು

ಕೇಳುಗರಿಗೆ ನಮಸ್ಕಾರ.

ಕೆಲವು ವರ್ಷಗಳ ಹಿಂದೆ, ಫೆಬ್ರುವರಿ ತಿಂಗಳ ಒಂದು ಸಂಜೆ, ಒಬ್ಬ ಯುವ ಉಪನ್ಯಾಸಕರು ದೂರವಾಣಿಯಲ್ಲಿ ಮಾತಾಡಿದರು. ಪೇಟೆಂಟ್ ಅರ್ಜಿಗಳನ್ನು ಬರೆದುಕೊಡುವುದು ನನ್ನ ವೃತ್ತಿ. ಹಾಗಾಗಿ ಅಪರಿಚಿತರ ಕರೆಗಳು ನನಗೆ ಹೊಸವಲ್ಲ. "ಸರ್, ಮಾರ್ಚ್ ಮುಗಿಯುವುದರೊಳಗೆ ನಮ್ಮ ವಿಭಾಗಕ್ಕೆ ನಾಲ್ಕು ಪೇಟೆಂಟ್ ಬೇಕಾಗಿತ್ತು" ಎಂದರು. ನಾಲ್ಕು ಮೊಳ ಮಲ್ಲಿಗೆ ಕೇಳಿದ ಹಾಗಿತ್ತು ಅವರ ದನಿ. "ಏನು ಕಂಡುಹಿಡಿದಿದ್ದೀರಿ?" ಎಂದು ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಸಂಕೋಚದಿಂದ ಹೇಳಿದರು: "ಅದನ್ನು ನೀವೇ ನೋಡಿ ಹೇಳಬೇಕು ಸರ್."

ಮೊದಲು ನಗು ಬಂತು, ಆಮೇಲೆ ಪಾಪ ಅನ್ನಿಸಿತು. ಅವರು ಸೋಮಾರಿಯಲ್ಲ, ಮೋಸಗಾರರೂ ಅಲ್ಲ. ವಾರವಿಡೀ ಪಾಠ, ಉತ್ತರಪತ್ರಿಕೆಗಳ ಮೌಲ್ಯಮಾಪನ, ಅದರ ನಡುವೆ ಈ ಹೊಸ ಕೆಲಸ. ಅವರನ್ನು ವಿಭಾಗದ ಮುಖ್ಯಸ್ಥರು ಕೇಳಿದ್ದರು, ಮುಖ್ಯಸ್ಥರನ್ನು ಪ್ರಾಂಶುಪಾಲರು ಕೇಳಿದ್ದರು, ಪ್ರಾಂಶುಪಾಲರ ಕಣ್ಣು ದೇಶದ ಕಾಲೇಜುಗಳ ರ‍್ಯಾಂಕ್ ಪಟ್ಟಿಯ ಮೇಲಿತ್ತು; ಅದರಲ್ಲಿ ಪೇಟೆಂಟಿಗೆ ಅಂಕವುಂಟು. ಆ ಪಟ್ಟಿಯ ಹಿಂದೆ ಇದ್ದದ್ದು ಒಂದು ಒಳ್ಳೆಯ ಆಸೆಯೇ: ನಮ್ಮ ಕಾಲೇಜುಗಳಲ್ಲೂ ಸಂಶೋಧನೆ ನಡೆಯಲಿ ಎಂಬುದು. ದೆಹಲಿಯಲ್ಲಿ ಸದಾಶಯವಾಗಿ ಹೊರಟದ್ದು ನನ್ನ ಮೇಜಿಗೆ ಬರುವ ಹೊತ್ತಿಗೆ "ನಾಲ್ಕು ಬೇಕು" ಎಂದಾಗಿತ್ತು.

ಪೇಟೆಂಟಿಗೆ ಸರ್ಕಾರ ಹಣವನ್ನೋ ಅಂಕವನ್ನೋ ರಿಯಾಯಿತಿಯನ್ನೋ ಕೊಟ್ಟು ಹುರಿದುಂಬಿಸಿದರೆ ಆವಿಷ್ಕಾರದ ಗುಣಕ್ಕೆ ಏನಾಗುತ್ತದೆ ಎಂಬುದು ಇಂದಿನ ಮಾತು.

ಪೇಟೆಂಟ್ ಎಂದರೆ ಒಂದು ಕೊಡುಕೊಳ್ಳುವ ವ್ಯವಹಾರ. ನೀವು ಕಂಡುಹಿಡಿದದ್ದನ್ನು ಗುಟ್ಟು ಮಾಡದೆ, ಬಲ್ಲವರು ಓದಿ ತಯಾರಿಸಬಹುದಾದಷ್ಟು ವಿವರವಾಗಿ ಬರೆದುಕೊಡಬೇಕು. ಅದಕ್ಕೆ ಪ್ರತಿಯಾಗಿ, ನಿಮ್ಮನ್ನು ಕೇಳದೆ ಬೇರೆ ಯಾರೂ ಅದನ್ನು ಮಾಡಿ ಮಾರದಂತೆ ತಡೆಯುವ ಹಕ್ಕನ್ನು ಸರ್ಕಾರ ಕೆಲವು ವರ್ಷಗಳ ಮಟ್ಟಿಗೆ ಕೊಡುತ್ತದೆ. ನಮ್ಮ ದೇಶದಲ್ಲಿ ಇದು 1856ರ ಆರನೆಯ ಕಾಯಿದೆಯಿಂದ ಶುರುವಾಯಿತು. ಆಗ ಅವಧಿ 14 ವರ್ಷ, ಈಗ 20. ಮೊದಲ ಅರ್ಜಿ ಹಾಕಿದವರು ಕಲ್ಕತ್ತೆಯ ಜಾರ್ಜ್ ಆಲ್ಫ್ರೆಡ್ ಡಿ ಪೆನ್ನಿಂಗ್, ಪಂಖಾ, ಅಂದರೆ ಚಾವಣಿಯಿಂದ ತೂಗುವ ಬೀಸಣಿಗೆಯನ್ನು ಎಳೆಯುವ ಒಂದು ಯಂತ್ರಕ್ಕಾಗಿ. ಕಲ್ಕತ್ತೆಯ ಬೇಸಿಗೆಯನ್ನು ಕಂಡವರಿಗೆ ಆ ಯಂತ್ರ ಯಾಕೆ ಬೇಕಾಯಿತೆಂದು ವಿವರಿಸಬೇಕಾಗಿಲ್ಲ. ಯಂತ್ರ ಕೆಲಸ ಮಾಡಿದರೆ ಕೊಳ್ಳುವವರುಂಟು, ಕೊಳ್ಳುವವರಿದ್ದರೆ ಹಕ್ಕಿಗೆ ಬೆಲೆಯುಂಟು.

ಅಂದರೆ ಪೇಟೆಂಟ್ ತಾನೇ ಒಂದು ಬಹುಮಾನ. ಬಹುಮಾನ ಪಡೆದದ್ದಕ್ಕೆ ಮತ್ತೊಂದು ಬಹುಮಾನ ಕೊಡಲು ಹೊರಟಾಗ ಲೆಕ್ಕ ತಪ್ಪಲು ಶುರುವಾಗುತ್ತದೆ. ಹಾಗೆಂದು ಸಹಾಯಧನಕ್ಕೆ ಕಾರಣವೇ ಇಲ್ಲವೆಂದಲ್ಲ. ಶುಲ್ಕ, ವಕೀಲರ ವೆಚ್ಚ, ವರ್ಷಗಟ್ಟಲೆ ಓಡಾಟ, ಇವೆಲ್ಲ ಒಬ್ಬ ಸಣ್ಣ ಕಾರ್ಖಾನೆಯವನಿಗೆ ಭಾರವೇ. ಅವನ ಕೈಹಿಡಿಯುವುದು ನ್ಯಾಯ. ಕೈಹಿಡಿಯುವುದು ಯಾವ ಮೆಟ್ಟಿಲಲ್ಲಿ ಎಂಬುದೇ ತಂಟೆ.

ಇದನ್ನು ಜಗತ್ತಿನಲ್ಲಿ ಯಾರೂ ಮಾಡದಷ್ಟು ದೊಡ್ಡದಾಗಿ ಮಾಡಿ ನೋಡಿದ ದೇಶ ಚೀನಾ. ಅಲ್ಲಿ ಪೇಟೆಂಟ್ ಕಾನೂನು ಜಾರಿಗೆ ಬಂದದ್ದೇ 1985ರ ಏಪ್ರಿಲ್ 1ರಂದು. 1999ರಲ್ಲಿ ಶಾಂಘೈ ನಗರ ಅರ್ಜಿದಾರರಿಗೆ ಸಹಾಯಧನ ಕೊಡಲು ಆರಂಭಿಸಿತು. ಪಕ್ಕದ ಪ್ರಾಂತ್ಯಗಳು ಸುಮ್ಮನಿದ್ದಾವೆಯೇ? ಹತ್ತು ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ಎಲ್ಲ ಪ್ರಾಂತ್ಯಗಳಲ್ಲೂ ಇಂಥ ಯೋಜನೆ ಇತ್ತು. ಕೆಲವು ಕಡೆ ಅರ್ಜಿ ಶುಲ್ಕವನ್ನು ಮರಳಿ ಕೊಟ್ಟರು, ಕೆಲವು ಕಡೆ ಮಂಜೂರಾದ ಮೇಲೆ ನಗದು ಬಹುಮಾನ ಕೊಟ್ಟರು. ಅದರ ಮೇಲೆ ಹೈಟೆಕ್ ಉದ್ಯಮವೆಂಬ ಮಾನ್ಯತೆ ಸಿಕ್ಕಿದ ಕಂಪನಿಗೆ ಆದಾಯ ತೆರಿಗೆ ಶೇ 25ರ ಬದಲು ಶೇ 15. ಆ ಮಾನ್ಯತೆಗೆ ಪೇಟೆಂಟಿನಂಥ ಸ್ವಂತ ಬೌದ್ಧಿಕ ಆಸ್ತಿ ಕೈಯಲ್ಲಿರಬೇಕು. ವೈದ್ಯರಿಗೆ, ಅಧ್ಯಾಪಕರಿಗೆ ಬಡ್ತಿಯಲ್ಲಿ ಪೇಟೆಂಟ್ ಲೆಕ್ಕಕ್ಕೆ ಬಂತು.

ಇನ್ನೊಂದು ಸಂಗತಿಯನ್ನು ಹೇಳದಿದ್ದರೆ ಮನಸ್ಸು ತಡೆಯುವುದಿಲ್ಲ. ಚೀನಾದ ದಂಡಸಂಹಿತೆಯ 78ನೆಯ ವಿಧಿಯ ಪ್ರಕಾರ ಆವಿಷ್ಕಾರ ಮಾಡಿದ ಕೈದಿಗೆ ಶಿಕ್ಷೆ ಕಡಿಮೆ ಮಾಡಬಹುದು. ಲಂಚದ ಪ್ರಕರಣದಲ್ಲಿ ಹತ್ತೂವರೆ ವರ್ಷ ಶಿಕ್ಷೆಯಾಗಿದ್ದ ಫುಟ್‌ಬಾಲ್ ಸಂಘದ ಹಿಂದಿನ ಮುಖ್ಯಸ್ಥರೊಬ್ಬರು ಸೆರೆಮನೆಯಲ್ಲಿದ್ದುಕೊಂಡೇ ಪೇಟೆಂಟುಗಳನ್ನು ಪಡೆದು ಶಿಕ್ಷೆಯಲ್ಲಿ ವಿನಾಯಿತಿ ಗಿಟ್ಟಿಸಿದ್ದು ಅಲ್ಲಿ ದೊಡ್ಡ ಸುದ್ದಿಯಾಯಿತು. ಹೊರಗೆ ಓಡಾಡಿಕೊಂಡಿದ್ದಾಗ ಹೊಳೆಯದ ಹೊಸ ಯೋಚನೆಗಳು ಕಂಬಿಯ ಹಿಂದೆ ಸಾಲುಸಾಲಾಗಿ ಹೊಳೆದವು. ಏಕಾಂತದ ಮಹಿಮೆ ಇರಬೇಕು.

ಇಷ್ಟೆಲ್ಲ ಸೇರಿ ಅಂಕಿಗಳು ಹೇಗೆ ಏರಿದವು ನೋಡಿ. 2000ದಲ್ಲಿ ಚೀನಾದ ಕಚೇರಿಗೆ ಬಂದ ಆವಿಷ್ಕಾರದ ಅರ್ಜಿಗಳು 50 ಸಾವಿರದ ಆಸುಪಾಸು. 2011ರಲ್ಲಿ ಅದು ಅಮೆರಿಕವನ್ನು ಹಿಂದೆ ಹಾಕಿತು. 2018ರಲ್ಲಿ 15.4 ಲಕ್ಷ, ಇಡೀ ಜಗತ್ತಿನ ಅರ್ಜಿಗಳಲ್ಲಿ ಅರ್ಧಕ್ಕೆ ಸ್ವಲ್ಪ ಕಡಿಮೆ. ಇದು ಸರಿಯಾದ ಪರಿಶೀಲನೆಗೆ ಒಳಗಾಗುವ ಆವಿಷ್ಕಾರದ ಪೇಟೆಂಟಿನ ಲೆಕ್ಕ ಮಾತ್ರ. ಇದಲ್ಲದೆ ಅಲ್ಲಿ ಯುಟಿಲಿಟಿ ಮಾಡೆಲ್ ಎಂಬ ಕಿರಿಯ ಪೇಟೆಂಟ್ ಒಂದಿದೆ. ಅದಕ್ಕೆ ಹತ್ತು ವರ್ಷದ ಆಯುಸ್ಸು, ಆಳವಾದ ಪರಿಶೀಲನೆಯಿಲ್ಲ. ಅದೇ ವರ್ಷ ಅದರ ಅರ್ಜಿಗಳು 20 ಲಕ್ಷ ದಾಟಿದ್ದವು.

ಪೇಟೆಂಟಿನ ಗುಣವನ್ನು ಅಳೆಯುವುದು ಹೇಗೆ? ಇಲ್ಲಿ ನನ್ನ ಕಸುಬಿನ ಒಂದು ಒಳಗುಟ್ಟನ್ನು ಹೇಳಬೇಕು. ಪೇಟೆಂಟ್ ದಸ್ತಾವೇಜಿನ ಪ್ರಾಣ ಇರುವುದು ಕೊನೆಯ ಪುಟಗಳಲ್ಲಿ, ಕ್ಲೇಮುಗಳಲ್ಲಿ. ನಾನು ಇಷ್ಟು ಜಾಗಕ್ಕೆ ಹಕ್ಕುದಾರ ಎಂದು ಬೇಲಿ ಹಾಕುವುದು ಅಲ್ಲಿ. ನೀವು ಅಡಿಕೆ ಸುಲಿಯುವ ಯಂತ್ರ ಮಾಡಿದ್ದೀರಿ ಎನ್ನಿ. "ಎದುರುಬದುರು ತಿರುಗುವ ಎರಡು ಉರುಳೆಗಳ ನಡುವೆ ಅಡಿಕೆಯನ್ನು ಹಾಯಿಸಿ ಸಿಪ್ಪೆ ಬಿಡಿಸುವ ಯಂತ್ರ" ಎಂದು ಬರೆದರೆ ಬೇಲಿ ದೊಡ್ಡದು. ಉರುಳೆ ಯಾವ ಲೋಹದ್ದೇ ಆಗಲಿ, ಎಷ್ಟೇ ದಪ್ಪವಿರಲಿ, ಎಲ್ಲವೂ ಒಳಗೆ ಬಂತು. ಆದರೆ ಅಷ್ಟು ದೊಡ್ಡ ಬೇಲಿಯನ್ನು ಪೇಟೆಂಟ್ ಕಚೇರಿಯ ಪರಿಶೀಲಕರು ಸುಲಭವಾಗಿ ಬಿಡುವುದಿಲ್ಲ. ಇಂಥದ್ದು ಮೊದಲೇ ಇತ್ತಲ್ಲ ಎಂದು ಹಳೆಯ ದಾಖಲೆಗಳನ್ನು ಮುಂದಿಡುತ್ತಾರೆ. ಆಗ ವಾದಿಸಬೇಕು, ಸಾಬೀತು ಮಾಡಬೇಕು, ಕೆಲವೊಮ್ಮೆ ಸೋಲಬೇಕು.

ಸುಲಭದ ದಾರಿಯೂ ಇದೆ. "ಹನ್ನೆರಡು ಹಲ್ಲುಗಳಿರುವ, ರಬ್ಬರಿನ ಹೊದಿಕೆಯಿರುವ, ಒಂದು ಎಡಕ್ಕೂ ಒಂದು ಬಲಕ್ಕೂ ತಿರುಗುವ, ಎಡಬದಿಯಲ್ಲಿ ಮೋಟಾರು ಕೂರಿಸಿದ, ಮೇಲೆ ತಗಡಿನ ಮುಚ್ಚಳವಿರುವ, ಕೆಳಗೆ ನಾಲ್ಕು ಗಾಲಿಗಳಿರುವ" ಎಂದು ಬರೆಯುತ್ತಾ ಹೋಗಿ. ಇಷ್ಟೆಲ್ಲ ಒಟ್ಟಿಗೆ ಇರುವ ಯಂತ್ರ ಮೊದಲು ಇದ್ದಿರಲಾರದು. ಪೇಟೆಂಟ್ ಸಿಗುವ ಸಾಧ್ಯತೆ ಬಹಳ. ಆದರೆ ನೆರೆಯವನು ಗಾಲಿ ಮೂರು ಮಾಡಿದರೆ ನಿಮ್ಮ ಬೇಲಿಯಿಂದ ಹೊರಗೆ. ಒಂದೊಂದು ಪದ ಸೇರಿಸಿದಾಗಲೂ ಜಮೀನು ಒಂದೊಂದು ಗುಂಟೆ ಕಡಿಮೆಯಾಗುತ್ತದೆ. ಉದ್ದನೆಯ ಕ್ಲೇಮು ಎಂದರೆ ಪುಟ್ಟ ಹಿತ್ತಲು.

ಡಾಂಗ್ ಜಿಯಾನ್‌ವೇ ಮತ್ತು ಕಾಜುಯುಕಿ ಮೊಟೊಹಾಶಿ ಎಂಬ ಇಬ್ಬರು ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹುಡುಕಿದ್ದು ಇದನ್ನೇ. ಚೀನಾದ ಕಂಪನಿಗಳ ಪೇಟೆಂಟುಗಳನ್ನು ತೆಗೆದುಕೊಂಡು ಕ್ಲೇಮುಗಳಲ್ಲಿ ಎಷ್ಟು ನಾಮಪದಗಳಿವೆ ಎಂದು ಎಣಿಸಿದರು. ಎಣಿಕೆಗೆ ಇದಕ್ಕಿಂತ ಸರಳವಾದ ಉಪಾಯ ನನಗೆ ಗೊತ್ತಿಲ್ಲ. ಸಹಾಯಧನದಿಂದ ಪೇಟೆಂಟುಗಳ ಸಂಖ್ಯೆ ಶೇ 30ಕ್ಕೂ ಹೆಚ್ಚು ಉಬ್ಬಿದೆ ಎಂಬುದು ಅವರ ಅಂದಾಜು. ಅದಕ್ಕಿಂತ ಮುಖ್ಯವಾದದ್ದು, ಮಂಜೂರಾದರೆ ಮಾತ್ರ ಹಣ ಎಂಬ ಷರತ್ತಿದ್ದ ಕಡೆ ಕ್ಲೇಮುಗಳ ವ್ಯಾಪ್ತಿ ಕಿರಿದಾಗಿತ್ತು. ಅರ್ಜಿಗೆ ಹಣ ಕೊಟ್ಟರೆ ಕಸ ಬರುತ್ತದೆ, ಮಂಜೂರಾದ ಮೇಲೆ ಕೊಟ್ಟರೆ ಗಟ್ಟಿಯಾದದ್ದು ಬರುತ್ತದೆ ಎಂದು ನಾವೆಲ್ಲ ನಂಬಿರುತ್ತೇವೆ. ಜನ ಅದಕ್ಕೂ ದಾರಿ ಹುಡುಕಿಕೊಂಡಿದ್ದರು: ಸುಲಭವಾಗಿ ಮಂಜೂರಾಗುವಂತೆ ಹಿತ್ತಲನ್ನೇ ಚಿಕ್ಕದು ಮಾಡಿಕೊಂಡರು. ಅದೇ ಅಧ್ಯಯನ ಇನ್ನೊಂದನ್ನೂ ಹೇಳುತ್ತದೆ, ಅದನ್ನು ಮರೆಮಾಚಬಾರದು. ಕಂಪನಿಗಳು ಸಂಶೋಧನೆಗೆ ಮಾಡುವ ಖರ್ಚಿಗೂ ಅವು ಉಳಿಸಿಕೊಂಡಿರುವ ಪೇಟೆಂಟುಗಳಿಗೂ ನಿಜವಾದ ನಂಟಿತ್ತು. ಎಲ್ಲವೂ ಜೊಳ್ಳಲ್ಲ.

ಇನ್ನೊಂದು ಪ್ರಸಂಗ ಝಾಂಗ್‌ಜಿಯಾಗಾಂಗ್ ಎಂಬ ಊರಿನದು. ಸುಝೌ ನಗರದ ಆಡಳಿತಕ್ಕೆ ಸೇರಿದ ಪಟ್ಟಣ ಅದು. 2006ರ ಜೂನ್ ತಿಂಗಳಲ್ಲಿ ಅಲ್ಲಿನವರು ಆವಿಷ್ಕಾರದ ಅರ್ಜಿಗೆ ಕೊಡುವ ಸಹಾಯಧನವನ್ನು ಏರಿಸಿದರು, ನೆರೆಯ ಊರುಗಳು ಏರಿಸಲಿಲ್ಲ. ಸಂಶೋಧಕರಿಗೆ ಇಂಥ ಸಂದರ್ಭ ಸಿಕ್ಕುವುದೇ ಅಪರೂಪ: ಒಂದೇ ಬಗೆಯ ಊರುಗಳು, ಒಂದರಲ್ಲಿ ಮಾತ್ರ ಹಣ ಜಾಸ್ತಿ. ಅರ್ಜಿಗಳು ಏರಿದವು, ನಿಜ. ಆದರೆ ಒಳಹೊಕ್ಕು ನೋಡಿದರೆ, ಮೊದಲು ಒಂದು ಅರ್ಜಿಯಲ್ಲಿ ಹೋಗುತ್ತಿದ್ದ ಆವಿಷ್ಕಾರವನ್ನು ಈಗ ತುಂಡುಮಾಡಿ ಹಲವು ಅರ್ಜಿಗಳಲ್ಲಿ ಕಳಿಸುತ್ತಿದ್ದರು. ಹಲಸಿನ ಹಣ್ಣು ಅದೇ ಒಂದು. ತೊಳೆ ಲೆಕ್ಕದಲ್ಲಿ ದುಡ್ಡು ಎಂದ ಮೇಲೆ ಇಡೀ ಹಣ್ಣನ್ನು ಯಾರು ಮಾರುತ್ತಾರೆ?

ಇಂಥ ಪೇಟೆಂಟುಗಳ ಸಾವೂ ಗದ್ದಲವಿಲ್ಲದೆ ಆಗುತ್ತದೆ. ಪೇಟೆಂಟನ್ನು ಜೀವಂತವಾಗಿ ಇಟ್ಟುಕೊಳ್ಳಲು ವರ್ಷವರ್ಷವೂ ನವೀಕರಣ ಶುಲ್ಕ ಕಟ್ಟಬೇಕು, ವರ್ಷ ಕಳೆದಂತೆ ಅದು ಏರುತ್ತದೆ. ಚೀನಾದಲ್ಲಿ 2013ರಲ್ಲಿ ಮಂಜೂರಾದ ವಿನ್ಯಾಸ ಪೇಟೆಂಟುಗಳಲ್ಲಿ (ವಸ್ತುವಿನ ಹೊರರೂಪಕ್ಕೆ, ಆಳವಾದ ಪರಿಶೀಲನೆಯಿಲ್ಲದೆ ಕೊಡುವಂಥವು) ಶೇ 91ರಷ್ಟನ್ನು ಐದು ವರ್ಷಗಳಲ್ಲಿ ಮಾಲೀಕರು ಶುಲ್ಕ ಕಟ್ಟದೆ ಕೈಬಿಟ್ಟಿದ್ದರು ಎಂಬ ಲೆಕ್ಕ 2018ರಲ್ಲಿ ಪತ್ರಿಕೆಗಳಲ್ಲಿ ಬಂತು. ಪರಿಶೀಲನೆಗೆ ಒಳಗಾದ ಆವಿಷ್ಕಾರದ ಪೇಟೆಂಟುಗಳಲ್ಲಿ ಈ ಪ್ರಮಾಣ ಶೇ 37. ಪರಿಶೀಲಕರ ಜರಡಿ ಇದ್ದ ಕಡೆ ಎಷ್ಟು ವ್ಯತ್ಯಾಸ ನೋಡಿ. ಹೂವಿನ ಹಾರ ಬಾಡಿದ ಮೇಲೆ ಬಿಟ್ಟುಹೋಗುತ್ತಾರಲ್ಲ, ಹಾಗೆ ಈ ಪೇಟೆಂಟುಗಳನ್ನು ಬಿಟ್ಟದ್ದು. ಸಹಾಯಧನ ಬಂದಾಯಿತು, ಇನ್ನು ಶುಲ್ಕ ಯಾಕೆ?

ಬೀಜಿಂಗಿನವರಿಗೆ ಇದು ಕಾಣಲಿಲ್ಲವೆಂದಲ್ಲ. ಪಂಚವಾರ್ಷಿಕ ಯೋಜನೆಗಳಲ್ಲಿ ಹತ್ತು ಸಾವಿರ ಜನಕ್ಕೆ ಇಷ್ಟು ಪೇಟೆಂಟ್ ಎಂಬ ಗುರಿಯನ್ನು ಅವರೇ ಬರೆದಿದ್ದರು: 2015ಕ್ಕೆ 3.3, 2020ಕ್ಕೆ 12. ಎರಡನ್ನೂ ಮೀರಿದರು. ಆಮೇಲೆ ಜ್ಞಾನೋದಯ. 2021ರ ಜನವರಿಯಲ್ಲಿ ಅಲ್ಲಿನ ಬೌದ್ಧಿಕ ಆಸ್ತಿ ಆಡಳಿತ ಕಟ್ಟಪ್ಪಣೆ ಹೊರಡಿಸಿತು: ಅರ್ಜಿಯ ಹಂತದ ಸಹಾಯಧನವೆಲ್ಲ ಜೂನ್ ಕೊನೆಗೆ ನಿಲ್ಲಬೇಕು, ಉಳಿದದ್ದು ಕ್ರಮೇಣ ಇಳಿದು 2025ರ ಹೊತ್ತಿಗೆ ಪೂರ್ತಿ ಹೋಗಬೇಕು. ಅದೇ ವರ್ಷ 8 ಲಕ್ಷಕ್ಕೂ ಹೆಚ್ಚು ಅರ್ಜಿಗಳನ್ನು "ಅಸಹಜ" ಎಂದು ಗುರುತಿಸಿ ನೋಟಿಸು ಕೊಟ್ಟರು. ಬಹುಪಾಲು ಅರ್ಜಿದಾರರು ತುಟಿ ಪಿಟಕ್ಕೆನ್ನದೆ ಹಿಂತೆಗೆದುಕೊಂಡರು. ನಿಜವಾಗಿ ಕಂಡುಹಿಡಿದವನು ಹಾಗೆ ಬಿಟ್ಟುಕೊಡುವುದಿಲ್ಲ, ಜಗಳಕ್ಕೆ ಬರುತ್ತಾನೆ. ನನ್ನ ಅನುಭವದಲ್ಲಿ ಆವಿಷ್ಕಾರಕನ ಮೊದಲ ಲಕ್ಷಣವೇ ಜಗಳಗಂಟತನ.

2021ರಲ್ಲಿ ಅವರ ಗುರಿಯೂ ಬದಲಾಯಿತು. 2025ಕ್ಕೆ ಹತ್ತು ಸಾವಿರ ಜನಕ್ಕೆ 12 "ಉನ್ನತ ಮೌಲ್ಯದ" ಪೇಟೆಂಟ್ ಎಂದರು. ಉನ್ನತ ಮೌಲ್ಯವೆಂದರೆ ಏನೆಂದು ಐದು ಬಗೆಯಾಗಿ ಹೇಳಿದ್ದಾರೆ. ಆಯಕಟ್ಟಿನ ಉದ್ಯಮಕ್ಕೆ ಸೇರಿದ್ದು, ದೊಡ್ಡ ಪ್ರಶಸ್ತಿ ಬಂದದ್ದು, ಅಡವಿಟ್ಟರೆ ಹೆಚ್ಚು ಸಾಲ ಹುಟ್ಟಿದ್ದು. ಈ ಮೂರರಲ್ಲೂ ಜಾಣರಿಗೆ ದಾರಿಗಳುಂಟು ಎಂದು ನನ್ನ ಗುಮಾನಿ. ಉಳಿದ ಎರಡು ಮಾತ್ರ ನನಗೆ ಹಿಡಿಸಿದವು: ಹೊರದೇಶದಲ್ಲೂ ಪೇಟೆಂಟ್ ಪಡೆದಿರಬೇಕು, ಇಲ್ಲವೇ ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಶುಲ್ಕ ಕಟ್ಟಿ ಉಳಿಸಿಕೊಂಡಿರಬೇಕು. ಇವೆರಡಕ್ಕೂ ಸ್ವಂತ ಗಂಟು ಬಿಚ್ಚಬೇಕು.

ಚೀನಾದ ಪೇಟೆಂಟುಗಳೆಲ್ಲ ಬೊಗಳೆ ಎಂದು ನಗುವವರು ನಮ್ಮಲ್ಲಿ ಬಹಳ. ಅವರ ಜೊತೆ ನಾನಿಲ್ಲ. ಹಲವು ದೇಶಗಳಲ್ಲಿ ರಕ್ಷಣೆ ಬೇಕಾದವರು ಹಾಕುವ ಅಂತರರಾಷ್ಟ್ರೀಯ ಅರ್ಜಿಗಳಲ್ಲಿ 2019ರಿಂದ ಚೀನಾ ಅಮೆರಿಕಕ್ಕಿಂತ ಮುಂದಿದೆ. ದೂರಸಂಪರ್ಕದಲ್ಲಿ, ಬ್ಯಾಟರಿಗಳಲ್ಲಿ ಅವರ ಕೆಲಸವನ್ನು ಜಗತ್ತೇ ಬಳಸುತ್ತಿದೆ. ಹದಿನೈದು ಲಕ್ಷದ ರಾಶಿಯಲ್ಲಿ ಆ ಗಟ್ಟಿ ಕಾಳುಗಳೂ ಇದ್ದವು. ಸಹಾಯಧನವಿಲ್ಲದಿದ್ದರೂ ಅವುಗಳಲ್ಲಿ ಬಹುಪಾಲು ಬರುತ್ತಿದ್ದವು ಎಂದೇ ನನ್ನ ಎಣಿಕೆ. ಸಹಾಯಧನ ತಂದದ್ದು ರಾಶಿಯ ಎತ್ತರವನ್ನು, ಮತ್ತು ಅದನ್ನು ತೂರಬೇಕಾದ ಪರಿಶೀಲಕರ ಬೆನ್ನುನೋವನ್ನು.

ಇನ್ನು ನಮ್ಮ ಮನೆಯ ಮಾತು. ಭಾರತದಲ್ಲಿ ಅರ್ಜಿ ಹಾಕಿದ್ದಕ್ಕೆ ನಗದು ಕೊಡುವ ಪದ್ಧತಿ ಚೀನಾದಷ್ಟು ಇಲ್ಲ. ಶುಲ್ಕದ ರಿಯಾಯಿತಿ ಇದೆ. ಬೇರೆಯವರು ಆನ್‌ಲೈನ್ ಅರ್ಜಿಗೆ 8000 ರೂಪಾಯಿ ಕಟ್ಟಿದರೆ ಒಬ್ಬ ವ್ಯಕ್ತಿ ಅಥವಾ ನವೋದ್ಯಮ 1600 ಕಟ್ಟಿದರೆ ಸಾಕು. 2021ರಿಂದ ಶಿಕ್ಷಣ ಸಂಸ್ಥೆಗಳಿಗೂ ಅದೇ ದರ. ಕರ್ನಾಟಕದ 2015ರ ನವೋದ್ಯಮ ನೀತಿ ದೇಶೀಯ ಪೇಟೆಂಟಿಗೆ 2 ಲಕ್ಷ, ವಿದೇಶಿ ಪೇಟೆಂಟಿಗೆ 10 ಲಕ್ಷ ರೂಪಾಯಿವರೆಗೆ ಖರ್ಚು ತುಂಬಿಕೊಡುವುದಾಗಿ ಹೇಳಿತು. ಮೊದಲು ತಾನು ಹಣ ಹಾಕಬೇಕು, ಆಮೇಲೆ ಬಿಲ್ಲು ತೋರಿಸಬೇಕು. ಈ ಬಗೆಯಲ್ಲಿ ನನಗೆ ಹೆಚ್ಚು ತಕರಾರಿಲ್ಲ.

ನಮ್ಮಲ್ಲಿ ಹಣದ ಜಾಗದಲ್ಲಿ ಕೂತಿರುವುದು ಅಂಕ. ಕೇಂದ್ರ ಸರ್ಕಾರ ದೇಶದ ಕಾಲೇಜುಗಳಿಗೆ ರ‍್ಯಾಂಕ್ ಕೊಡುವ ಎನ್‌ಐಆರ್‌ಎಫ್ ಎಂಬ ಪದ್ಧತಿ 2015ರಲ್ಲಿ ಬಂತು. ಅದರಲ್ಲಿ ಮಂಜೂರಾದ ಪೇಟೆಂಟಿಗೂ ಅಂಕ, ಬರಿದೇ ಪ್ರಕಟವಾದದ್ದಕ್ಕೂ ಅಂಕ. ಈ "ಪ್ರಕಟವಾದ" ಎಂಬ ಪದದಲ್ಲೇ ತೂತು ಇರುವುದು. ನಮ್ಮ ಕಾನೂನಿನಲ್ಲಿ ಅರ್ಜಿ ಹಾಕಿದ 18 ತಿಂಗಳ ಮೇಲೆ ಅದು ತಾನಾಗಿ ಕಚೇರಿಯ ಪತ್ರಿಕೆಯಲ್ಲಿ ಪ್ರಕಟವಾಗುತ್ತದೆ. ಅವಸರವಿದ್ದರೆ ಇನ್ನೊಂದು 2500 ರೂಪಾಯಿ ಕಟ್ಟಿ ಬೇಗ ಪ್ರಕಟಿಸಿಕೊಳ್ಳಬಹುದು. ಆ ಹೊತ್ತಿಗೆ ಅದನ್ನು ಯಾವ ಪರಿಶೀಲಕರೂ ಪರೀಕ್ಷಿಸಿರುವುದಿಲ್ಲ. ಪ್ರಕಟವಾಯಿತೆಂದರೆ ಇಂಥವರಿಂದ ಅರ್ಜಿ ಬಂದಿದೆ ಎಂದು ಕಚೇರಿ ಡಂಗುರ ಹೊಡೆಸಿದೆ ಎಂದಷ್ಟೇ ಅರ್ಥ. 1600 ಮತ್ತು 2500, ಒಟ್ಟು 4100 ರೂಪಾಯಿ. ಪರೀಕ್ಷೆ ಮಾಡಿ ಎಂದು ಕೇಳಲು ಬೇರೆ ಶುಲ್ಕವಿದೆ, 4000. ಅದನ್ನು ಕಟ್ಟಿದರೆ ತಾನೇ ಪರಿಶೀಲಕರು ಪ್ರಶ್ನೆ ಕೇಳುವುದು? ಕಟ್ಟದಿದ್ದರೆ ಯಾರೂ ಏನೂ ಕೇಳುವುದಿಲ್ಲ. ಗಡುವು ಮುಗಿದ ದಿನ ಅರ್ಜಿಯನ್ನು ಹಿಂಪಡೆದಂತೆ ಭಾವಿಸಲಾಗುತ್ತದೆ. ಅಂಕ ಬಂದಾಗಿರುತ್ತದೆ.

ಈ ತೂತಿನ ಸುತ್ತ ಒಂದು ಸಂತೆಯೇ ನೆರೆದಿದೆ. ಆವಿಷ್ಕಾರಕರ ಪಟ್ಟಿಯಲ್ಲಿ ಮೊದಲ ಹೆಸರಿಗೆ ಇಷ್ಟು, ಎರಡನೆಯದಕ್ಕೆ ಇಷ್ಟು ಎಂಬ ದರಪಟ್ಟಿ ನನ್ನ ವಾಟ್ಸ್ಆ್ಯಪ್‌ಗೂ ಬಂದಿದೆ. ಸಿನಿಮಾ ಮಂದಿರದ ಬಾಲ್ಕನಿ, ಗಾಂಧಿ ಕ್ಲಾಸು ಇದ್ದ ಹಾಗೆ. ಒಮ್ಮೆ ಕುತೂಹಲಕ್ಕೆ ಅಂಥ ಒಂದು ಅರ್ಜಿಯನ್ನು ತೆಗೆದು ಓದಿದೆ. ಕೃತಕ ಬುದ್ಧಿಮತ್ತೆ, ಡ್ರೋನ್, ಬ್ಲಾಕ್‌ಚೈನ್ ಮೂರೂ ಸೇರಿ ಟೊಮೇಟೊ ಗಿಡಕ್ಕೆ ನೀರು ಹಾಕುತ್ತಿದ್ದವು. ಎಷ್ಟು ನೀರು, ಯಾವಾಗ, ಹೇಗೆ ಎಂಬುದು ಮಾತ್ರ ಎಲ್ಲೂ ಇರಲಿಲ್ಲ.

2022-23ರಲ್ಲಿ ದೇಶದಲ್ಲಿ ಬಂದ ಅರ್ಜಿಗಳು 82,811. ಮರುವರ್ಷ 92 ಸಾವಿರ ದಾಟಿದವು. ಮಂಜೂರಾತಿ ಅದೇ ಒಂದು ವರ್ಷದಲ್ಲಿ 34 ಸಾವಿರ ಚಿಲ್ಲರೆಯಿಂದ 1,03,057ಕ್ಕೆ ಜಿಗಿಯಿತು. ಕೆಲಸದ ದಿನವೊಂದಕ್ಕೆ 250 ಎಂದು ಸರ್ಕಾರ ಹೆಮ್ಮೆಯಿಂದ ಹೇಳಿಕೊಂಡಿತು. ಹಳೆಯ ಬಾಕಿ ತೀರಿದ್ದು ಸಂತೋಷವೇ. ಆದರೂ 250 ಎಂಬ ಸಂಖ್ಯೆ ಕೇಳಿದಾಗ ನನಗೆ ಪರಿಶೀಲಕರ ಮೇಜು ಕಣ್ಣಿಗೆ ಬರುತ್ತದೆ. ಅಡಿಕೆ ಯಂತ್ರದ ಕ್ಲೇಮನ್ನು ಸರಿಯಾಗಿ ಓದಿ, ಜಪಾನಿನ ಯಾವುದೋ ಹಳೆಯ ದಾಖಲೆಯ ಜೊತೆ ಹೋಲಿಸಿ ಬರೆಯುವುದು ಕಾಫಿ ಕುಡಿದು ಮುಗಿಸುವುದರೊಳಗೆ ಆಗುವ ಕೆಲಸವಲ್ಲ.

ಕೊಡುವುದಿದ್ದರೆ ಎಲ್ಲಿ ಕೊಡಬೇಕು ಎಂಬುದಕ್ಕೆ ಉತ್ತರ ನಮ್ಮ ಕಾನೂನುಗಳಲ್ಲೇ ಒಂದೆರಡು ಕಡೆ ಇದೆ. 2016ರ ಹಣಕಾಸು ಕಾಯಿದೆಯಲ್ಲಿ ಬಂದ ಒಂದು ವಿಧಿಯ ಪ್ರಕಾರ, ಭಾರತದಲ್ಲೇ ರೂಪಿಸಿ ನೋಂದಾಯಿಸಿದ ಪೇಟೆಂಟಿನಿಂದ ಬರುವ ರಾಯಧನಕ್ಕೆ ಶೇ 10ರಷ್ಟು ಮಾತ್ರ ತೆರಿಗೆ. ರಾಯಧನ ಬರಬೇಕಾದರೆ ಯಾರೋ ಒಬ್ಬರು ಆ ಆವಿಷ್ಕಾರವನ್ನು ದುಡ್ಡು ಕೊಟ್ಟು ಬಳಸಿರಬೇಕು. ಇದನ್ನು ನಕಲಿ ಮಾಡುವುದು ಅಷ್ಟು ಸುಲಭವಲ್ಲ. ನವೀಕರಣ ಶುಲ್ಕವೂ ಹಾಗೆಯೇ. ನಮ್ಮಲ್ಲಿ ಅದು ಮೂರನೆಯ ವರ್ಷದಿಂದ ಶುರು; ಒಬ್ಬ ವ್ಯಕ್ತಿಗೆ ವರ್ಷಕ್ಕೆ 800 ರೂಪಾಯಿ, ಹದಿನಾರನೆಯ ವರ್ಷದ ಹೊತ್ತಿಗೆ 8000. ರ‍್ಯಾಂಕ್ ಕೊಡುವವರು ಪ್ರಕಟವಾದವನ್ನು ಎಣಿಸುವ ಬದಲು ಏಳನೆಯ ವರ್ಷದ ಶುಲ್ಕ ಕಟ್ಟಿದವನ್ನು ಎಣಿಸಲಿ. ಫೆಬ್ರುವರಿ ತಿಂಗಳ ದೂರವಾಣಿ ಕರೆಗಳು ನಿಲ್ಲುತ್ತವೆ. ನನ್ನ ಸಂಪಾದನೆಯೂ ಸ್ವಲ್ಪ ಕಡಿಮೆಯಾಗುತ್ತದೆ, ಅದು ಬೇರೆ ಮಾತು.

ಆ ಉಪನ್ಯಾಸಕರಿಗೆ ನಾನು ಬರೆದುಕೊಡಲಿಲ್ಲ. ನಿಮ್ಮ ಪ್ರಯೋಗಾಲಯದಲ್ಲಿ ಏನಾದರೂ ನಡೆಯುತ್ತಿದ್ದರೆ ಬಂದು ನೋಡುತ್ತೇನೆ ಎಂದೆ. ಅವರಿಗೆ ಅಷ್ಟು ಸಮಯವಿರಲಿಲ್ಲ. ಪೇಟೆಂಟ್ ಕಚೇರಿಯ ಪತ್ರಿಕೆ ಪ್ರತಿ ಶುಕ್ರವಾರ ಹೊರಬರುತ್ತದೆ, ಅದನ್ನು ತಿರುವಿಹಾಕುವುದು ನನ್ನ ಹಳೆಯ ಚಾಳಿ. ಮಾರ್ಚ್ ಕೊನೆಯ ಒಂದು ಶುಕ್ರವಾರ ಅವರ ವಿಭಾಗದ ನಾಲ್ಕು ಅರ್ಜಿಗಳು ಅದರಲ್ಲಿದ್ದವು, ಒಂದೊಂದಕ್ಕೂ ಎಂಟೆಂಟು ಆವಿಷ್ಕಾರಕರು. ಜೂನ್‌ನಲ್ಲಿ ಪ್ರವೇಶದ ಕಾಲ ಬಂದಾಗ ಬಸ್ ನಿಲ್ದಾಣದ ಎದುರಿನ ಫಲಕದಲ್ಲಿ ಆ ಕಾಲೇಜಿನ ಜಾಹೀರಾತು ಕಂಡೆ: "ನಮ್ಮ ಅಧ್ಯಾಪಕರಿಂದ 4 ಪೇಟೆಂಟ್". ಪರೀಕ್ಷೆಗೆ ಕೋರಿಕೆ ಸಲ್ಲಿಸಲು ಆಗ ನಾಲ್ಕು ವರ್ಷಗಳ ಗಡುವಿತ್ತು. 2024ರಲ್ಲಿ ಅದನ್ನು 31 ತಿಂಗಳಿಗೆ ಇಳಿಸಿದರು. ಗಡುವು ಮುಗಿದ ಮೇಲೆ ನಾಲ್ಕರ ಸ್ಥಿತಿಯನ್ನೂ ಕಚೇರಿಯ ಜಾಲತಾಣದಲ್ಲಿ ತೆರೆದು ನೋಡಿದೆ. ನಾಲ್ಕರಲ್ಲೂ ಒಂದೇ ಸಾಲಿತ್ತು: ಹಿಂಪಡೆದಂತೆ ಪರಿಗಣಿಸಲಾಗಿದೆ.

ಫಲಕ ಇನ್ನೂ ಅಲ್ಲೇ ಇದೆ, ಬಣ್ಣ ಮಾಸಿದೆ. ನಮಸ್ಕಾರ.